ಮುಚ್ಚದ ಆವರಣ

ಸೀಮೆಎಣ್ಣೆ ವಾಸನೆ, ಗಂಡ ಮತ್ತೆ ಆ ಸ್ಪ್ಯಾನರ್ ಒರೆಸುತ್ತಿದ್ದಾರೆ, ಬೆಳಗಿನಿಂದ ಇದು ಮೂರನೆಯ ಸಲ, ಒರೆಸಿ ಒರೆಸಿ ಅದು ಸವೆದೇ ಹೋದೀತು, ಒರೆಸಲಿ, ಕೈಗೆ ಕೆಲಸವಿದ್ದರೆ ಈ ಮನುಷ್ಯ ಮುಖ ಊದಿಸಿಕೊಳ್ಳುವುದು ಸ್ವಲ್ಪ ಕಡಿಮೆ — ಅವಳು ಕನ್ನಡಕ ಮೇಲೇರಿಸಿ ಪರದೆ ನೋಡಿದಳು, ಹದಿನಾಲ್ಕನೆಯ ಸಾಲು, ತೆರೆದ ಆವರಣ, ಅದೇ ಬ್ರ್ಯಾಕೆಟ್ಟು, ಮುಚ್ಚಿಲ್ಲ, ಮತ್ತೆ ಅದೇ ಕೆಂಪು ಅಕ್ಷರ, ಈ ಬೈಗುಳವನ್ನು ಬರೆದವಳೂ ತಾನೇ, ಈಗ ಬೈಸಿಕೊಳ್ಳುತ್ತಿರುವವಳೂ ತಾನೇ. ಮೂರು ಗಂಟೆ ಹತ್ತು ನಿಮಿಷ. ನಾಲ್ಕಕ್ಕೆ ಗುಜರಿಯವನು ಬರುತ್ತಾನೆ, ಹೆಣಿಗೆ ಯಂತ್ರವನ್ನು ಹೊತ್ತೊಯ್ಯಲು, ಓಡಿದ್ರೆ ಇಟ್ಕೊಳ್ಳೋಣ, ಓಡ್ಲಿಲ್ಲ ಅಂದ್ರೆ ಅವ್ನು ತಗೊಂಡ್ ಹೋಗ್ಲಿ, ನಂಗೇನು, ಎಂದಿದ್ದರು ಗಂಡ, ನಂಗೇನು ಎಂದವರ ತಟ್ಟೆಯಲ್ಲಿ ಎರಡು ದಿನದಿಂದ ಅರ್ಧ ಅನ್ನ ಹಾಗೇ ಉಳಿಯುತ್ತದೆ, ಅವಳಿಗೆ ಕಾಣುವುದಿಲ್ಲವೇ.

ಮದುವೆಯಾದ ವರ್ಷ ಆ ಯಂತ್ರವನ್ನು ನಡೆಸಲು ಒಂದು ಪೆಟ್ಟಿಗೆ ಕಟ್ಟಿದರು, ಒಂಬತ್ತನೇ ಕ್ಲಾಸು ದಾಟದ ಮೆಕ್ಯಾನಿಕ್, ಅದಕ್ಕೊಂದು ಭಾಷೆಯನ್ನೂ ಮಾಡಿಬಿಟ್ಟರು, ಏಳೇ ಏಳು ಗುರುತು — ನೂಲು ಒಯ್ಯುವ ಗಾಡಿಯೇ, ಸೂಜಿಗಳ ಮೇಲೆ ಹೋಗು, ವಾಪಸ್ಸು ಬಾ, ನೂಲಿನ ಬಣ್ಣ ಬದಲಿಸು, ಒಂದು ಕೂಡಿಸು, ಒಂದು ಕಳೆ, ಆವರಣ ತೆರೆ, ಆವರಣ ಮುಚ್ಚು, ಆವರಣವಿದ್ದರೆ ಅದರ ನಡುವಿನದನ್ನು ಮತ್ತೆ ಮತ್ತೆ ಮಾಡು ಎಂದರ್ಥ. ಶಾಲೆಯಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತಿದ್ದ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು, ಇದೂ ಒಂದು ಭಾಷೆನಾ ರೀ, ಅವರಿಗೆ ಒಂದಿಷ್ಟೂ ಬೇಜಾರಿಲ್ಲ, ನಿನ್ನ ಭಾಷೇಲಿ ಸ್ವೆಟರ್ ಬರುತ್ತಾ ಟೀಚರಮ್ಮ, ಬಾಯಿ ಮುಚ್ಚಿಸಿಬಿಟ್ಟರು, ಅವತ್ತೇ ಇರಬೇಕು ಈ ಮನುಷ್ಯನನ್ನು ಅವಳು ನಿಜವಾಗಿ ಒಪ್ಪಿಕೊಂಡದ್ದು, ಮದುವೆ ಆಮೇಲೆ ಆಗಿದ್ದರೂ ನಡೆಯುತ್ತಿತ್ತು. ಹೋದ ತಿಂಗಳು ಪೆಟ್ಟಿಗೆ ಸುಟ್ಟು ಕರಕಲಾಯಿತು, ಒಳಗಿನ ಸಾಮಾನು ಈಗ ಎಲ್ಲೂ ಸಿಗುವುದಿಲ್ಲ, ಅದರ ಜಾಗಕ್ಕೆ ಅಂಗೈಯಷ್ಟು ಚಿಕ್ಕ ಕಂಪ್ಯೂಟರ್ ಜೋಡಿಸಿ, ಆ ಏಳು ಗುರುತುಗಳಿಗೆ ಅವಳು ಇಂಟರ್‌ಪ್ರಿಟರ್ ಬರೆಯಲು ಕೂತಳು, ಒಂದು ಗುರುತು ಓದು, ಯಂತ್ರಕ್ಕೆ ತಿಳಿಯುವ ಹಾಗೆ ಹೇಳು, ಮುಂದಿನದಕ್ಕೆ ಹೋಗು, ಮಾತು ಬಿಟ್ಟ ಅಣ್ಣ ಅತ್ತಿಗೆಯ ನಡುವೆ ಓಡಾಡುವ ನಾದಿನಿಯ ಕೆಲಸ, ನಾಲ್ಕು ದಿನದಲ್ಲಿ ಮುಗಿಯಿತು, ಇನ್ನೂರು ಸಾಲೂ ಇಲ್ಲ.

ಆದರೆ ಅವರು ಆ ಗುರುತುಗಳಲ್ಲೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟ ಹದಿನೆಂಟು ವಿನ್ಯಾಸಗಳಲ್ಲಿ ಒಂದೂ ಓಡುತ್ತಿಲ್ಲ. ತಾನೇ ನಕಲು ಮಾಡುವಾಗ ಬಿಟ್ಟೆನೇನೋ ಎಂದು ಪೆನ್ಸಿಲ್ ಹಿಡಿದು ಎಣಿಸಿದಳು, ಒಳಗಿನ ಆವರಣಗಳೆಲ್ಲ ಅಚ್ಚುಕಟ್ಟಾಗಿ ಮುಚ್ಚಿವೆ, ಎಲ್ಲಕ್ಕಿಂತ ಹೊರಗಿನದೊಂದು ಬಾಯಿ ಬಿಟ್ಟುಕೊಂಡು ನಿಂತಿದೆ, ಒಂದರಲ್ಲಲ್ಲ, ಹದಿನೆಂಟರಲ್ಲೂ, ಇದು ಮರೆವಲ್ಲ, ಹಠ. ಇಂಥ ಮುಗಿಯದ ಸುತ್ತು ಬರೆದದ್ದಕ್ಕೆ ಎಷ್ಟು ಮಕ್ಕಳ ಅಂಕ ಕಡಿದಿದ್ದಾಳೆ ಅವಳು. ಕೇಳಬೇಕು, ಕೇಳಿದರೆ ಬೀಗುತ್ತಾರೆ, ಬೀಗಲಿ, ಮೂರೂ ಇಪ್ಪತ್ತೈದು — ರೀ, ಕೊನೇ ಆವರಣ ಯಾಕ್ರೀ ಮುಚ್ಚಿಲ್ಲ? ಸ್ಪ್ಯಾನರ್ ನಿಂತಿತು. ಮುಚ್ಚೋದ್ಯಾಕೆ, ನೀನಿರ್ತಿದ್ಯಲ್ಲ.

ನೀನಿರ್ತಿದ್ಯಲ್ಲ. ಹೌದು, ಇರುತ್ತಿದ್ದಳು, ಶಾಲೆ ಬಿಟ್ಟೊಡನೆ ಸೀಮೆಸುಣ್ಣದ ಕೈಯಲ್ಲೇ ಇವರ ಈ ಸಣ್ಣ ಕಾರ್ಖಾನೆಗೆ ಬಂದು ಯಂತ್ರದ ಪಕ್ಕ ನಿಲ್ಲುತ್ತಿದ್ದಳು, ಇಳಿದುಬರುವ ಬಟ್ಟೆಯನ್ನು ಹೆಗಲಿಗೆ ಹಿಡಿದು ನೋಡಿ, ಸಾಕು ಎಂದು ಸ್ವಿಚ್ಚು ಒತ್ತುತ್ತಿದ್ದಳು, ಸಾಕಾ, ನೋಡ್ಕೋ, ಸಾಕು ರೀ, ಅಷ್ಟೇ, ಎಷ್ಟು ಸಾಲು ಎಂದು ಅವರು ಎಂದೂ ಬರೆಯಲಿಲ್ಲ, ಅವಳಿರುತ್ತಾಳೆ ಎಂದೇ ಭಾಷೆ ಮಾಡಿದ್ದರು, ಎಂಥ ಮನುಷ್ಯ ಇದು, ಹೇಳುವುದಕ್ಕೇನಾಗಿತ್ತು, ಇಷ್ಟು ವರ್ಷ ಒಂದು ಒಳ್ಳೆಯ ಮಾತಾಡಲು ಬರುವುದಿಲ್ಲ ಎಂದು ಮಗಳ ಹತ್ತಿರ ಚಾಡಿ ಹೇಳಿದ್ದೇ ಹೇಳಿದ್ದು, ಆ ಮಾತು ಹದಿನೆಂಟು ಸಲ ಇದೇ ನೋಟ್‌ಬುಕ್ಕಿನಲ್ಲಿ ಕೂತಿತ್ತು — ಕಣ್ಣು ಮಂಜಾದರೆ ಕೋಡು ಕಾಣುವುದಿಲ್ಲ, ಅಳು ಆಮೇಲೆ. ಕೆಂಪು ಅಕ್ಷರ ತೋರಿಸುವ ಸಾಲನ್ನು ಅಳಿಸಿದಳು, ಅಲ್ಲಿ ಮೂರು ಸಾಲು ಬರೆದಳು, ಹೊರಗಿನ ಆವರಣ ತೆರೆದೇ ಇದ್ದರೆ ಮೊದಲಿಗೆ ಹಿಂತಿರುಗು, ಯಾರಾದರೂ ಕೀಲಿ ಒತ್ತುವವರೆಗೆ ನಿಲ್ಲಬೇಡ. ಯಾರಾದರೂ ಅಂತೆ. ತನಗೇ ನಗು ಬಂತು.

ಓಡಿಸಿದಳು. ಗಾಡಿ ಒಮ್ಮೆ ತಡವರಿಸಿತು, ಆಮೇಲೆ ಹೋಯಿತು, ಬಂತು, ಹೋಯಿತು, ನೀಲಿ ನಾಲ್ಕು ಸಾಲು, ಬಿಳಿ ಎರಡು, ಸೂಜಿಗಳ ಕೆಳಗಿನಿಂದ ಬಟ್ಟೆಯ ಅಂಚು ನಾಲಿಗೆಯಷ್ಟು ಇಣುಕಿತು, ಅವರು ಯಾವಾಗ ಬಂದು ಪಕ್ಕದಲ್ಲಿ ನಿಂತರೋ ಗೊತ್ತಿಲ್ಲ, ಸೀಮೆಎಣ್ಣೆಯ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು, ಬಟ್ಟೆಗೆ ತಾಗೀತು ಎಂದು. ಕೀಲಿಯ ಮೇಲೆ ಅವಳ ಬೆರಳು. ಹೊರಗೆ ಟೆಂಪೋ ನಿಂತ ಸದ್ದು, ಅಮ್ಮಾ, ಬಂದೆ, ಎತ್ಲಾ ಎನ್ನುತ್ತಿದ್ದಾನೆ ಗುಜರಿಯವನು, ಇಲ್ಲಪ್ಪ, ಹೋಗ್ಬಾ, ನಿಂಗೆ ಸುಮ್ನೆ ತೊಂದ್ರೆ ಕೊಟ್ವಿ ಎಂದು ಅವರೇ ಹೇಳುತ್ತಿದ್ದಾರೆ, ಬಟ್ಟೆ ಮೊಳವಾಯಿತು, ಮಫ್ಲರಿನಷ್ಟಾಯಿತು, ಅಳತೆ ಮೀರಿತು, ಹೋಗು, ಬಾ, ಸಾಕಾ ಎಂದು ಕೇಳುತ್ತಾರೆ, ಸಾಕಾ ಟೀಚರಮ್ಮ, ಬಟ್ಟೆ ನೆಲ ಮುಟ್ಟಿ ಮಡಿಕೆ ಮಡಿಕೆಯಾಗಿ ಬೀಳುತ್ತಿದೆ, ನೀಲಿ ನಾಲ್ಕು, ಬಿಳಿ ಎರಡು, ಕೀಲಿಯ ಮೇಲೆ ಒತ್ತದೆ ಇಟ್ಟ ಬೆರಳು, ನೀಲಿ ನಾಲ್ಕು, ಬಿಳಿ ಎರಡು, ಒತ್ತದೆ ಇಟ್ಟ ಬೆರಳು