ಮುದ್ದಪ್ಪನವರು ‘ಹೂಂ’ ಅಂದ ಲೆನ್ಸ್

ನಾನು ಒಂದು ಹೆಲ್ಮೆಟ್. ಬೈಕಿನವರದಲ್ಲ, ವಿಮಾನದಿಂದ ಜಿಗಿಯುವವರದು. ಯಾವುದೋ ದೂರದ ಊರಿನ ಕಾರ್ಖಾನೆಯಲ್ಲಿ ನಾರಿನ ಬಟ್ಟೆಯನ್ನು ಅಚ್ಚಿಗೆ ಹಾಸಿ, ಅಂಟು ಸುರಿದು ನನ್ನನ್ನು ಮಾಡಿದರು. ಮೇಲೆ ಕ್ಯಾಮೆರಾ ಕೂರಬೇಕೆಂದು ನೆತ್ತಿಯನ್ನು ಚಪ್ಪಟೆ ಮಾಡಿದರು. ಹೊರುವುದೇ ನನ್ನ ಬಾಳೆಂದು ಅವತ್ತೇ ಗೊತ್ತಾಯಿತು.

ನನ್ನನ್ನು ತರಿಸಿಕೊಂಡವರು ಮುದ್ದಪ್ಪ. ಸೇನೆಯ ಪ್ಯಾರಾಚೂಟ್ ಪಡೆಯಿಂದ ನಿವೃತ್ತರಾದ ಕೊಡಗಿನವರು. ಮೈಸೂರಿನಾಚೆಯ ಒಂದು ಸಣ್ಣ ಏರ್‌ಸ್ಟ್ರಿಪ್‌ನಲ್ಲಿ, ಮೋಜಿಗೆ ಜಿಗಿಯಲು ಬಂದವರ ಫೋಟೊ ತೆಗೆಯುವುದು ಅವರ ಕೆಲಸ. ಬಂದವರು ತರಬೇತುದಾರರ ಎದೆಗೆ ಬಿಗಿಸಿಕೊಂಡು ಬೀಳುತ್ತಿದ್ದರು. ಮುದ್ದಪ್ಪ ಅವರ ಎದುರೇ ಬೀಳುತ್ತಾ, ತಲೆಯನ್ನೇ ತಿರುಗಿಸಿ ಗುರಿಯಿಡುತ್ತಿದ್ದರು. ಗಾಳಿಯಲ್ಲಿ ಮೈಯ ಸಮತೋಲ ಕಾಯಲು ಎರಡು ಕೈಯೂ ಬೇಕು. ಹಾಗಾಗಿ ಫೋಟೊದ ಸ್ವಿಚ್ಚನ್ನು ಹಲ್ಲಲ್ಲಿ ಕಚ್ಚಿಕೊಂಡಿರುತ್ತಿದ್ದರು.

ನನ್ನ ನೆತ್ತಿಯ ಮೇಲೆ ಒಂದು ಫೋಟೊ ಕ್ಯಾಮೆರಾ, ಪಕ್ಕದಲ್ಲಿ ಒಂದು ವಿಡಿಯೊ ಕ್ಯಾಮೆರಾ. ಎರಡಕ್ಕೂ ಗಿಡ್ಡನೆಯ, ಅಗಲವಾಗಿ ಕಾಣುವ ಲೆನ್ಸ್. ದಿನಕ್ಕೆ ಏಳೆಂಟು ಸಲ ಹಾರಾಟ. ಪ್ಯಾರಾಚೂಟ್ ಬಿಚ್ಚಿಕೊಂಡಾಗಲೆಲ್ಲ ಒಂದು ಜಗ್ಗು, ನನ್ನ ಭಾರವೆಲ್ಲ ಅವರ ಕುತ್ತಿಗೆಗೆ. ಸಂಜೆ ನನ್ನನ್ನು ಬೆಂಚಿನ ಮೇಲಿಟ್ಟು, ಬಹಳ ಹೊತ್ತು ಹೆಗಲು ಒತ್ತಿಕೊಳ್ಳುತ್ತಿದ್ದರು.

ಒಂದು ದಿನ ಮ್ಯಾನೇಜರ್ ಶ್ರೀವತ್ಸ ಉದ್ದನೆಯ ಜೂಮ್ ಲೆನ್ಸ್ ಹಿಡಿದು ಬಂದ.

“ಮುಖ ಸಣ್ಣದಾಗಿ ಬರ್ತಿದೆ ಅಂತ ದೂರು, ಸಾರ್. ಇದನ್ನ ಹಾಕಿ.”

“ಮುಖ ದೊಡ್ಡದಾಗಬೇಕು ಅಂದ್ರೆ ನಾನು ಹತ್ತಿರ ಹೋಗಬೇಕಪ್ಪ. ಇದು ಭಾರ. ಹೀಗೆ ಮುಂದಕ್ಕೆ ಚಾಚ್ಕೊಂಡಿದ್ರೆ ಪ್ಯಾರಾಚೂಟಿನ ಹಗ್ಗ ಸಿಕ್ಕಿಹಾಕ್ಕೊಳ್ಳುತ್ತೆ.”

“ಇದೊಂದು ಸೀಸನ್ ನೋಡೋಣ, ಸಾರ್.”

ಮುದ್ದಪ್ಪನವರಿಗೆ ವಾದ ಮಾಡಿ ಸಾಕಾಗಿತ್ತು. ಲೆನ್ಸನ್ನು ಕೈಯಲ್ಲಿ ತೂಗಿ ನೋಡಿ ‘ಹೂಂ’ ಅಂದರು.

ಮೂರನೇ ವಾರದಲ್ಲೇ ಆಯಿತು. ಫೋಟೊ ಮುಗಿಸಿ, ಅತಿಥಿಗಳು ಗಾಳಿಯಲ್ಲಿ ತೇಲತೊಡಗಿದ ಮೇಲೆ, ಅವರು ತಮ್ಮ ಪ್ಯಾರಾಚೂಟ್ ಬಿಚ್ಚಿದರು. ಒಂದು ಹಗ್ಗ ಬಂದು ಲೆನ್ಸಿನ ಹಿಂದೆ ಸಿಕ್ಕಿಕೊಂಡಿತು. ಪ್ಯಾರಾಚೂಟ್ ಅರ್ಧ ಅರಳಿ ಗಿರಗಿರನೆ ಸುತ್ತತೊಡಗಿತು. ನಾನು ಅವರ ತಲೆಯನ್ನು ಹಿಂದಕ್ಕೆ ಎಳೆಯುತ್ತಿದ್ದೆ. ಬೇಕೆಂದು ಎಳೆದದ್ದಲ್ಲ. ಅವರು ಆ ಪ್ಯಾರಾಚೂಟನ್ನು ಕಳಚಿ ಬಿಟ್ಟು, ಬೆನ್ನಲ್ಲಿದ್ದ ಎರಡನೆಯದನ್ನು ಬಿಚ್ಚಬೇಕಿತ್ತು. ಆದರೆ ನನ್ನನ್ನು ಮೊದಲು ಕಳಚದೆ ಅದನ್ನು ಬಿಟ್ಟರೆ ಅವರ ಕತ್ತು ಮುರಿಯುತ್ತಿತ್ತು. ಗಲ್ಲದ ಕೆಳಗೆ ನನ್ನ ಕೊಂಡಿಯನ್ನು ಅವರ ಬೆರಳು ಹುಡುಕಿತು, ಜಾರಿತು, ಮತ್ತೆ ಹುಡುಕಿತು. ಕೊಂಡಿ ಬಿಚ್ಚಿತು, ನಾನು ಕಳಚಿಕೊಂಡೆ. ಮರುಕ್ಷಣ ಅವರು ಆ ಪ್ಯಾರಾಚೂಟನ್ನೂ ಬಿಟ್ಟು ಕೆಳಗೆ ಬಿದ್ದರು. ಅದರ ಹಗ್ಗಕ್ಕೆ ಜೋತುಬಿದ್ದ ನಾನು ಮೇಲಿಂದ ನೋಡುತ್ತಿದ್ದೆ. ಎರಡನೇ ಪ್ಯಾರಾಚೂಟ್ ಬಿಳಿಯಾಗಿ ಅರಳಿತು. ನಾನು ಒಂದು ಕಬ್ಬಿನ ಗದ್ದೆಗೆ ಹೋಗಿ ಬಿದ್ದೆ.

ಅವರು ಬದುಕಿದರು, ಆದರೆ ಕುತ್ತಿಗೆ ಮೊದಲಿನಂತಾಗಲಿಲ್ಲ. ಹಾರುವುದು ಅಲ್ಲಿಗೇ ನಿಂತಿತು.

ಏರ್‌ಸ್ಟ್ರಿಪ್‌ನಲ್ಲಿ ಪ್ಯಾರಾಚೂಟ್ ಮಡಚುವ ಕೆಲಸ ಮಾಡುತ್ತಾ ಹಾರುವುದನ್ನೂ ಕಲಿತಿದ್ದ ತಸ್ನೀಮ್ ನನ್ನನ್ನು ಗದ್ದೆಯಿಂದ ಎತ್ತಿ ಅವರ ಮನೆಗೆ ತೆಗೆದುಕೊಂಡು ಹೋದಳು. ಮುದ್ದಪ್ಪ ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದರು.

“ಇದನ್ನ ಏನು ಮಾಡ್ಲಿ, ಸಾರ್?”

“ನೀನೇ ಹಾಕ್ಕೊಳಮ್ಮ. ಹಗ್ಗ ಸಿಕ್ಕಿಹಾಕ್ಕೊಳ್ಳೋವಂಥದ್ದು ಏನೂ ಬಿಡಬೇಡ. ಚಿಕ್ಕ ಕ್ಯಾಮೆರಾ, ಗಿಡ್ಡ ಲೆನ್ಸ್. ಹತ್ತಿರ ಹೋಗಿ ತೆಗಿ.”

ಅವಳು ನನ್ನ ಮೂಲೆಗಳನ್ನೆಲ್ಲ ಅರದಿಂದ ಉಜ್ಜಿದಳು, ಸಂದುಗಳಿಗೆ ಟೇಪ್ ಸುತ್ತಿದಳು. ಜೂಮ್ ಲೆನ್ಸಿನ ಮಾತನ್ನು ಶ್ರೀವತ್ಸ ಮತ್ತೆ ಎತ್ತಿದಾಗ, “ಹಾಗಾದ್ರೆ ನೀವೇ ಹಾಕ್ಕೊಂಡು ಹಾರಿ, ಸಾರ್” ಅಂದಳು. ಅವನು ಆಮೇಲೆ ಕೇಳಲಿಲ್ಲ. ಅವಳೊಡನೆ ಒಂಬೈನೂರು ಸಲ ಬಿದ್ದೆ. ಕೊನೆಗೆ ಆಕಾಶದಲ್ಲೇನೂ ಅಲ್ಲ, ಜೀಪಿನಿಂದ ಉರುಳಿ ಬಿರುಕು ಬಿಟ್ಟೆ.

ಈಗ ತರಬೇತಿ ಕೋಣೆಯ ಮೇಜಿನ ಮೇಲಿದ್ದೇನೆ. ಆಯಾಸ ಇನ್ನೂ ಇಳಿದಿಲ್ಲ. ತಿಂಗಳಿಗೊಮ್ಮೆ ಮುದ್ದಪ್ಪ ಪಾಠಕ್ಕೆ ಬರುತ್ತಾರೆ. ಪಕ್ಕಕ್ಕೆ ನೋಡಬೇಕಾದರೆ ಇಡೀ ಮೈಯನ್ನೇ ತಿರುಗಿಸಬೇಕು. ಮೊನ್ನೆ ಕಲಿಯಲು ಬಂದ ಹುಡುಗಿಯೊಬ್ಬಳು ಕೇಳಿದಳು: “ಆವತ್ತು ತಪ್ಪು ಯಾರದು, ಸಾರ್? ಮ್ಯಾನೇಜರದಾ?”

ಕೋಣೆಯ ಹಿಂದೆ ಶ್ರೀವತ್ಸ ನಿಂತಿದ್ದ.

“ಲೆನ್ಸ್ ಕೊಟ್ಟೋರು ಹಾರಿದೋರಲ್ಲ, ಹೇಳಿದ್ರೂ ಅರ್ಥವಾಗಲಿಲ್ಲ,” ಅಂದರು ಮುದ್ದಪ್ಪ. “ನನಗೆ ಗೊತ್ತಿತ್ತು.”

ಶ್ರೀವತ್ಸ ತಲೆ ತಗ್ಗಿಸಿ ಹೊರಗೆ ಹೋದ. ಮುದ್ದಪ್ಪ ನನ್ನನ್ನು ಎತ್ತಿ, ಕೇಳಿದ ಹುಡುಗಿಯ ಕೈಗೆ ಕೊಟ್ಟು, ಎಷ್ಟು ಭಾರ ಇದೆ ಹೇಳು ಅಂದರು.