ಹುಚ್ಚಮ್ಮನ ಉಂಗುರದ ಬೆರಳು

ಉಗುರು, ಅಲ್ಲಿ ಉಗುರು ಎಲ್ಲಿಂದ ಬಂತು, ಗುರುವಯ್ಯ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು, ಲ್ಯಾಪ್‌ಟಾಪಿನಲ್ಲಿ ಹುಚ್ಚಮ್ಮ ಕಾಫಿ ಕಣದ ನಡುವೆ ನಿಂತು ಎಡಗೈ ತುಂಬ ಒಣಗಿದ ಪಾರ್ಚ್‌ಮೆಂಟ್ ಬೀಜ ಹಿಡಿದು ನಗುತ್ತಿದ್ದಾಳೆ, ತೀರಿಕೊಂಡು ಮೂರು ತಿಂಗಳಾಗಿಲ್ಲ, ಇಷ್ಟು ನಿಚ್ಚಳವಾಗಿ ಹೆಂಡತಿ ಬದುಕಿದ್ದಾಗಲೂ ಕಂಡಿರಲಿಲ್ಲ — ಎಷ್ಟು ಕ್ಲಿಯರ್ ಆಯ್ತು ನೋಡಿ ಅಜ್ಜ, ಎಸ್ಟೇಟ್ ಆಫೀಸಿನ ಕುರ್ಚಿ ತಿರುಗಿಸುತ್ತ ಮೊಮ್ಮಗಳು ಸ್ವಾತಿ ಹೇಳುತ್ತಾಳೆ, ಹಳೇ ಫೋಟೋನ ನಾಳೆ ಗೋಣಿಬೀಡಿನ ಬೆಳೆಗಾರರ ಸಭೇಲಿ ಪರದೆ ಮೇಲೆ ಹಾಕಿದ್ರೆ ಅಜ್ಜಿ ಮುಖಾನೇ ಕಾಣ್ತಿರಲಿಲ್ಲ, ಕಂಪ್ಯೂಟರೇ ಎಲ್ಲ ಸರಿ ಮಾಡ್ತು. ಎಲ್ಲ ಸರಿ ಮಾಡಿದೆ, ಹೌದು, ಸೀರೆಯ ಅಂಚು, ಮೂಗುಬೊಟ್ಟಿನ ಹೊಳಪು, ಮತ್ತು ಆ ಉಂಗುರದ ಬೆರಳು — ಮೊದಲ ಗೆಣ್ಣಿಗೇ ಮುಗಿಯಬೇಕಾದದ್ದು ನೆಟ್ಟಗೆ ಬೆಳೆದು ನಿಂತಿದೆ, ತುದಿಯಲ್ಲಿ ನಸುಗೆಂಪು ಉಗುರು.

ಶಿವ ಶಿವ, ಮೂವತ್ತೊಂದು ವರ್ಷದ ಹಿಂದೆ, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಹಂಗಾಮಿನ ಮೊದಲ ಪಲ್ಪಿಂಗ್, ಯಂತ್ರಕ್ಕೆ ಕುಂಕುಮವಿಟ್ಟು ಕಾಯಿ ಒಡೆದವರು ಎಸ್ಟೇಟಿನ ಲೆಕ್ಕ ಬರೆಯುವ ರೈಟರಾಗಿದ್ದ ತಾನೇ, ರಾಹುಕಾಲಕ್ಕೆ ಎರಡೇ ನಿಮಿಷ, ಅಷ್ಟರೊಳಗೆ ಚಕ್ರ ತಿರುಗಲೇಬೇಕು, ಯಂತ್ರದ ಬಾಯಲ್ಲಿ ಸಿಕ್ಕ ಸೊಪ್ಪನ್ನು ಹುಚ್ಚಮ್ಮ ಕೀಳುತ್ತಿದ್ದಾಳೆ, ಒಂಚೂರು ತಡೀರಿ ಅಂದದ್ದು ಕೇಳಿಸಿತ್ತು, ಕೇಳಿಸಿತ್ತು ದೇವರೇ, ಆದರೂ ಸ್ವಿಚ್ಚು ಒತ್ತಿದರು. ಸಂಜೆ ಅಪಘಾತದ ಪುಸ್ತಕದ ಮುಂದೆ ಕೂತರೆ ಪೆನ್ನು ಓಡದು, ಬಟ್ಟೆ ಸುತ್ತಿದ ಕೈಯನ್ನು ಎದೆಗೆ ಒತ್ತಿಕೊಂಡು ಅವಳೇ ಅಂದಳು, ನನ್ನದೇ ತಪ್ಪು ಅಂತ ಬರೀರಿ ಮಾರಾಯ್ರೆ, ನೀವು ನಿಜ ಬರೆದ್ರೆ ಬೆರಳೇನು ಮೊಳೆಯುತ್ತಾ, ನಿಮ್ಮ ಕೆಲಸನಾದ್ರೂ ಉಳೀಲಿ. ಬರೆದರು, ದುಂಡಗಿನ ಅಕ್ಷರದಲ್ಲಿ, ಕೆಲಸಗಾರ್ತಿಯ ಸ್ವಂತ ಅಜಾಗರೂಕತೆ. ಆಮೇಲೆ ಪ್ರತಿ ಶಿವರಾತ್ರಿಗೆ ಕಳಸದ ದೇವಸ್ಥಾನಕ್ಕೆ ಹೋಗಿ ಸ್ವಾಮಿಯ ಮುಂದೆ ಒಪ್ಪಿಕೊಂಡಿದ್ದಾರೆ, ಸ್ವಾಮಿಯ ಮುಂದೆ ಮಾತ್ರ, ಮನುಷ್ಯರ ಮುಂದೆ ಒಮ್ಮೆಯೂ ಇಲ್ಲ, ಮೋಟು ಬೆರಳಿನ ಕೈ ಪಾತ್ರೆ ಹಿಡಿದು ಅವಳು ಅನ್ನ ಬಡಿಸುವಾಗ ತಟ್ಟೆಯನ್ನೇ ನೋಡುತ್ತ ಉಂಡಿದ್ದಾರೆ, ಕೊನೆಯ ದಿನ ಆ ಕೈ ಹಿಡಿದು ಹೇಳೋಣವೆಂದು ಬಗ್ಗಿದರೆ ಅವಳು, ಮಾತ್ರೆ ತಗೊಂಡ್ರಾ ಅಂದಳು.

ಅಜ್ಜಿ ಬೆರಳೂ ಬಂದುಬಿಟ್ಟಿದೆ ನೋಡಿ, ಸ್ವಾತಿ ನಗುತ್ತಾಳೆ, ನಾನು ಹೇಳಿರಲಿಲ್ಲ, ಅದೇ ಬೆಳೆಸಿಬಿಡ್ತು, ಬೇಡ ಅಂದ್ರೆ ಮೊದಲಿನ ಹಾಗೇ ಮಾಡ್ತೀನಿ, ಆದ್ರೆ ಸಭೇಲಿ ಹೇಗಾಯ್ತು ಅಂತ ಕೇಳೇ ಕೇಳ್ತಾರೆ, ನೀವೇ ಹೇಳ್ಬೇಕು ಮತ್ತೆ, ಅಜ್ಜಿನ ಕೇಳಿದಾಗೆಲ್ಲ ನಾನೇ ನೋಡ್ಕೊಳ್ಳಿಲ್ಲ ಕಣೇ ಅಂತಿದ್ರು. ಹೇಳು, ಈಗ ಹೇಳು, ಮಗು ಎದುರಿಗೇ ಇದೆ, ಇನ್ಯಾರೂ ಇಲ್ಲ, ಒಂದೇ ಮಾತು, ಸ್ವಿಚ್ಚು ಒತ್ತಿದವನು ನಾನು — ಇರಲಿ, ಎಂದಿತು ಬಾಯಿ, ಚಂದ ಕಾಣತ್ತೆ, ಇರಲಿ. ಸ್ವಾತಿ ಮುಂದಿನ ಚಿತ್ರಕ್ಕೆ ಹೋದಳು, ಶೆಡ್ಡು, ಹಂಚು, ಬಿಸಿಲು, ಗುರುವಯ್ಯನವರ ಕೈಯಲ್ಲಿದ್ದ ಜಪಮಾಲೆಯ ಎಣಿಕೆ ತಪ್ಪಿದೆ, ಮೊದಲಿಂದ ಹಿಡಿಯಬೇಕು, ನಮಃ ಶಿವಾಯ, ಒರಟು ರುದ್ರಾಕ್ಷಿ, ಇನ್ನೊಂದು, ಮತ್ತೊಂದು, ಒರಟಾಗಿಯೇ ಇರಬೇಕಲ್ಲ, ಬೆರಳಿಗೆ ತಾಗುವುದೆಲ್ಲ ನುಣುಪು, ನಸುಗೆಂಪು, ಆ ಉಗುರು, ಉಗುರು.