ಎಡಗಡೆಯ ಸ್ಪೀಕರ್

ಇದನ್ನು ಕೊನೆಯವರೆಗೂ ಕೇಳಿ, ನಡುವೆ ಎದ್ದು ಹೋಗಬೇಡಿ. ಅರವತ್ತಾರನೇ ಇಸವಿಯ ವಿಜಯದಶಮಿ. ಜಯನಗರ ನಾಲ್ಕನೇ ಬ್ಲಾಕಿನ ಮನೆಯಲ್ಲಿ ಜಯಸಿಂಹ ರೆಕಾರ್ಡಿನ ಮೇಲೆ ಮುಳ್ಳು ಇಳಿಸಿದ. ಬಲಗಡೆಯ ಸ್ಪೀಕರಿನಿಂದ ಪಿಟೀಲು ಬಂತು. ಮೃದಂಗ ಬರಬೇಕಾದ ಎಡಗಡೆಯಿಂದ ಒಗ್ಗರಣೆಗೆ ಸಾಸಿವೆ ಸಿಡಿದಂಥ ಚಟಚಟ. ಆಮೇಲೆ ಅದೂ ಇಲ್ಲ.

"ಒಂದ್ ಕಿವಿ ಹೋಯ್ತೇನೋ?" ಎಂದರು ಅವನ ಅಪ್ಪ ಬದರಿನಾಥರು, ಆರಾಮಕುರ್ಚಿಯಿಂದ.

ಜಯಸಿಂಹನ ಪಕ್ಕದಲ್ಲಿ ಗೆಳೆಯ ಕಿಟ್ಟಿ ಬಿಳಿಚಿಕೊಂಡು ನಿಂತಿದ್ದ. ಆಂಪ್ಲಿಫಯರ್ ಅವನು ಕಟ್ಟಿದ್ದು.

ಸ್ಪೀಕರುಗಳನ್ನು ಜಯಸಿಂಹ ಗುಮಾಸ್ತನಾಗಿದ್ದ ಕಾರ್ಖಾನೆಯ ಜರ್ಮನ್ ಎಂಜಿನಿಯರು ಊರಿಗೆ ಹೊರಡುವಾಗ ಅಗ್ಗಕ್ಕೆ ಕೊಟ್ಟು ಹೋಗಿದ್ದ. ಕಿಟಕಿಯ ಬಾಗಿಲಿನಂತೆ ಚಪ್ಪಟೆ. ಎರಡು ತೂತಿನ ತಗಡುಗಳ ನಡುವೆ ಈರುಳ್ಳಿ ಸಿಪ್ಪೆಗಿಂತ ತೆಳ್ಳಗಿನ ಹಾಳೆ; ಕರೆಂಟು ಕೊಟ್ಟರೆ ಆ ಹಾಳೆಯೇ ನಡುಗಿ ಹಾಡುತ್ತಿತ್ತು. ಇಂಥದಕ್ಕೆಂದೇ ಮಾಡಿದ ವಿಲಾಯತಿ ಆಂಪ್ಲಿಫಯರು ಗುಮಾಸ್ತನ ಸಂಬಳಕ್ಕೆ ಎಟುಕುವಂತಿರಲಿಲ್ಲ.

"ಮೈಕ್‌ಸೆಟ್‌ನೋರ ಹತ್ರ ಹಳೇದೊಂದು ತಗೊಳ್ಳೋ. ಮದುವೆ ಮನೆ ವಾಲಗ ಊರಿಗೆಲ್ಲ ಕೇಳ್ಸತ್ತೆ" ಎಂದಿದ್ದರು ಬದರಿನಾಥರು.

"ಅಷ್ಟು ಜೋರು ಕೊಟ್ರೆ ಹಾಳೆ ಸುಟ್ಟೋಗತ್ತಪ್ಪ. ಇದಕ್ಕೆ ಬಲ ಬೇಡ, ನಾಜೂಕು ಬೇಕು."

ಹೀಗೆ ಹಟ ಹಿಡಿದು ಕಿಟ್ಟಿಯಿಂದ ಕಟ್ಟಿಸಿದ್ದ. ಕಿಟ್ಟಿ ವಾಲ್ವುಗಳನ್ನು ಹುಡುಕಿ ತಂದು, ಟ್ರಾನ್ಸ್‌ಫಾರ್ಮರಿನ ತಂತಿಯನ್ನು ಮನೆಯಲ್ಲೇ ಕೈಯಿಂದ ಸುತ್ತಿದ್ದ. ಮೊದಲ ದಿನ ಕೇಳಿದಾಗ ಬದರಿನಾಥರೇ, "ಪರವಾಗಿಲ್ಲ ಕಣಯ್ಯ, ವಿದ್ವಾಂಸರು ಉಸಿರು ತಗೊಳ್ಳೋದೂ ಕೇಳತ್ತೆ. ರಾಮೋತ್ಸವಕ್ಕೆ ನಮ್ಮ ಭಜನಾ ಮಂದಿರಕ್ಕೂ ನೀನೇ ಒಂದು ಕಟ್ಟಿಕೊಡು" ಎಂದಿದ್ದರು. ಮಂದಿರದ ಕಾರ್ಯದರ್ಶಿ ಅವರೇ. ಆ ಮಾತು ನಂಬಿ ಕಿಟ್ಟಿ ಆಂಪ್ಲಿಫಯರ್ ಕಟ್ಟುವ ಸ್ವಂತ ಅಂಗಡಿಗೆ ಜಾಗವನ್ನೂ ನೋಡಿಟ್ಟಿದ್ದ.

ಈಗ ಜಯಸಿಂಹ ಎಡಬಲದ ತಂತಿಗಳನ್ನು ಅದಲುಬದಲು ಮಾಡಿ ನೋಡಿದ. ಆಗಲೂ ಎಡಗಡೆಯದೇ ಮೂಕ.

"ಆಂಪ್ಲಿಫಯರ್ ಸರಿ ಇದೆ. ಸ್ಪೀಕರೇ ಹೋಗಿದೆ" ಎಂದ.

"ಆಂಪ್ಲಿಫಯರ್ ಸರಿ ಇಲ್ದಿದ್ರೆ ಹಾಳೆ ಸುಟ್ಟೋಗತ್ತೆ ಅಂತ ನೀನೇ ಅಲ್ವೇನೋ ಹೇಳಿದ್ದು?" ಎಂದರು ಬದರಿನಾಥರು.

"ನಂದೇ ತಪ್ಪಿರ್ಬೇಕು ಸಾರ್" ಎಂದ ಕಿಟ್ಟಿ. "ಸುತ್ತೋದ್ರಲ್ಲಿ ಎಲ್ಲೋ ಎಡವಿದೀನಿ."

ಜಯಸಿಂಹ ಸ್ಪೀಕರನ್ನು ಬೆಳಕಿಗೆ ತಿರುಗಿಸಿದ. ತಗಡಿನ ಮೇಲೆ ಕುಂಕುಮದ ಬೊಟ್ಟು. ಒಂದು ತೂತಿನೊಳಗೆ ಏನೋ ಕರ್ರಗೆ ಕಂಡಿತು. ಎಳೆದರೆ, ಸೇವಂತಿಗೆಯ ತೊಟ್ಟು, ತುದಿ ಸುಟ್ಟದ್ದು.

ಹಿಂದಿನ ದಿನ ಆಯುಧಪೂಜೆ. ಅವನು ಕಾರ್ಖಾನೆಯ ಪೂಜೆಗೆ ಹೋಗಿದ್ದ. ಅಲ್ಲಿಯತನಕ "ನಿನ್ನ ತಗಡು" ಎನ್ನುತ್ತಿದ್ದ ಅಮ್ಮ ಸೀತಮ್ಮ ಈ ಸ್ಪೀಕರುಗಳನ್ನೂ ಹೊಲಿಗೆ ಯಂತ್ರ, ಈಳಿಗೆಮಣೆಗಳ ಸಾಲಿಗೆ ಸೇರಿಸಿಕೊಂಡಿದ್ದರು. ತೂತುಗಳು ಅನುಕೂಲವಾಗಿ ಕಂಡಿರಬೇಕು, ನೀರಿನಲ್ಲಿ ಅದ್ದಿದ ಹೂವನ್ನು ಒಂದಕ್ಕೆ ಸಿಗಿಸಿದ್ದರು. ಪೂಜೆಗಿಟ್ಟದ್ದನ್ನು ಆ ದಿನ ಯಾರೂ ಮುಟ್ಟುವಂತಿರಲಿಲ್ಲ. ಇವತ್ತು ಹೂವು ಕಿತ್ತಾಗ ತೊಟ್ಟು ಒಳಗೇ ಮುರಿದು ಉಳಿದಿತ್ತು; ಆ ಹಸಿ ತೊಟ್ಟಿಗೆ ಕರೆಂಟು ಹಾರಿ ಹಾಳೆ ಸುಟ್ಟಿತ್ತು.

"ಸೀತೂ, ನೀನೇನಾದ್ರೂ ಒರೆಸಿದ್ಯಾ, ಗಡಿಯಾರ ಒರೆಸಿದ ಹಾಗೆ?" ಬದರಿನಾಥರು ನಕ್ಕರು. ಒದ್ದೆ ಬಟ್ಟೆಯಿಂದ ಒರೆಸಿ ಸೀತಮ್ಮ ಗೋಡೆ ಗಡಿಯಾರ ಕೆಡಿಸಿದ್ದು ಜಯಸಿಂಹ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ. ಇವತ್ತಿಗೂ ಮನೆಗೆ ಬಂದ ನೆಂಟರೆಲ್ಲ ಆ ಕಥೆ ಕೇಳಿ, ಕಾಫಿ ಕುಡಿದೇ ಏಳಬೇಕು. ಹೇಳುವಾಗ ಸೀತಮ್ಮ ಅಡುಗೆಮನೆಗೆ ಹೋಗಿಬಿಡುತ್ತಿದ್ದರು.

"ನಾನ್ಯಾಕೆ ಒರೆಸ್ಲಿ? ಪೂಜೆ ಮಾಡಿದೆ, ಅಷ್ಟೆ" ಎಂದರು ಅವರು ಬಾಗಿಲಿಗೆ ಬಂದು. ಸೆರಗಿನಿಂದ ಕೈ ಒರೆಸುತ್ತಾ ಮಗನ ಮುಖ ನೋಡಿದರು. "ಅದರಿಂದೇನೂ ಆಗಲ್ಲ, ಅಲ್ವೇನೋ?"

ಜಯಸಿಂಹ ತೊಟ್ಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡ.

"ಹೋಗ್ಲಿ ಬಿಡಯ್ಯ ಕಿಟ್ಟಿ, ಬೇಜಾರ್ ಮಾಡ್ಕೋಬೇಡ" ಎಂದರು ಬದರಿನಾಥರು. "ಮಂದಿರಕ್ಕೆ ಮೈಕ್‌ಸೆಟ್‌ನೋರನ್ನೇ ಕೇಳ್ತೀನಿ. ದೇವರ ಕಾರ್ಯ, ಮಧ್ಯದಲ್ಲಿ ನಿಂತೋದ್ರೆ ಕಷ್ಟ."

ಕಿಟ್ಟಿ ತಲೆಯಾಡಿಸಿ, ಆಂಪ್ಲಿಫಯರಿನ ತಂತಿಯನ್ನು ಮೊಣಕೈಗೆ ನಿಧಾನವಾಗಿ ಸುತ್ತಿಕೊಳ್ಳತೊಡಗಿದ. ಬಲಗಡೆಯ ಸ್ಪೀಕರಿನ ಮುಂದೆ ಅಗರಬತ್ತಿಯ ಬೂದಿ ಇನ್ನೂ ಬಿದ್ದಿತ್ತು. ಸೀತಮ್ಮ ಬಾಗಿಲಲ್ಲೇ ನಿಂತು ಉತ್ತರಕ್ಕೆ ಕಾಯುತ್ತಿದ್ದರು.

ಜಯಸಿಂಹನ ಜಾಗದಲ್ಲಿ ನೀವಿದ್ದಿದ್ದರೆ ಮುಷ್ಟಿ ಬಿಚ್ಚುತ್ತಿದ್ದಿರಾ?